ಇಳಿಯಬೇಡಿ ಎಂದಿದ್ದೆ

ಜೂನ್ ೧, ಸೋಮವಾರ

ಬಂದು ತಲುಪಿದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವಳು ಹದಿನೆಂಟು ಗಂಟೆ ರೈಲಿನಲ್ಲಿ ಸುಮ್ಮನೆ ಕೂತು ಬಂದೆ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂದು ನೋಡಿಕೊಳ್ಳುವವರು ಬೇರೆಯೇ ಇದ್ದರೂ ನನ್ನ ತಲೆ ಸುಮ್ಮನಿರಲಿಲ್ಲ. ನಿವೃತ್ತಿಯಾದ ಮೇಲೆ ದಿನಚರಿ ಹಿಡಿದದ್ದೂ ಇದೇ ಚಪಲಕ್ಕೆ. ದಿನವೂ ಟ್ರಿಪ್ ಶೀಟ್ ತುಂಬಿಸಿದ ಕೈ, ಏನಾದರೂ ಬರೆಯದಿದ್ದರೆ ಊಟ ಜೀರ್ಣವಾಗುವುದಿಲ್ಲ.

ಮಗ ಹಡಗಿನ ಎಂಜಿನ್ ನೋಡಿಕೊಳ್ಳುವವನು, ಇನ್ನೂ ಐದು ತಿಂಗಳು ದಡ ಕಾಣುವುದಿಲ್ಲ. ಸೊಸೆ ಇಲ್ಲಿನ ಬಂದರಿನಲ್ಲಿ ಕ್ರೇನ್ ನಡೆಸುವುದನ್ನು ಕಲಿಯುತ್ತಿದ್ದಾಳೆ. ಜುಲೈ ಮೂರಕ್ಕೆ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ, ಬಂದರಿನವರು ಕೊಟ್ಟಿರುವ ಈ ಎರಡು ಕೋಣೆಯ ಮನೆಯೂ ಉಳಿಯುತ್ತದೆ. ಇಲ್ಲವಾದರೆ ಮನೆ ಖಾಲಿ ಮಾಡಿ, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಡಬೇಕು. ಶಾಲೆಗೆ ಏಳು ವಾರ ರಜೆ ಬಂದದ್ದೂ ಈಗಲೇ. ಅವಳು ಮೊದಲು ಕೇಳಿದ್ದು ತನ್ನ ತಾಯಿಯನ್ನು. ಬೀಗಿತ್ತಿಗೆ ಮಂಡಿ ನೋವು, ಮಕ್ಕಳನ್ನೇ ತಮ್ಮಲ್ಲಿಗೆ ಕಳಿಸು ಎಂದರಂತೆ. ಮಕ್ಕಳನ್ನು ಬಿಟ್ಟಿರಲು ಇವಳಿಗೆ ಮನಸ್ಸಿಲ್ಲ. ಬೇರೆ ದಾರಿಯೇ ಕಾಣದಾದಾಗ ನನಗೆ ಫೋನು ಮಾಡಿದಳು. ದಿನದ ಕೊನೆಯ ಬಸ್ಸಿಗೆ ಜನ ಹತ್ತುವುದು ಹೀಗೆಯೇ, ನನಗೇನೂ ಬೇಜಾರಿಲ್ಲ.

ಚಹಾ ಕೊಟ್ಟು ಒಂದು ಮಾತು ಹೇಳಿದಳು. "ಆಗಲ್ಲ ಅನ್ನಿಸಿದ್ರೆ ಹೇಳಿಬಿಡಿ ಅತ್ತೆ. ಮಕ್ಕಳನ್ನ ಅಮ್ಮನ ಹತ್ತಿರ ಕಳಿಸ್ತೀನಿ." ಊಟಕ್ಕೆ ಕೂತಾಗ ಅದನ್ನೇ ಇನ್ನೊಮ್ಮೆ ಹೇಳಿದಳು. ಮೊದಲ ಮಗು ಹುಟ್ಟಿದಾಗಲೂ ಮಗ ಹಡಗಿನಲ್ಲಿದ್ದ, ಇವಳು ನನ್ನನ್ನು ಕರೆದಿದ್ದಳು. ರಜೆ ಸಿಗಲಿಲ್ಲ ಎಂದಿದ್ದೆ. ಅದನ್ನು ಇವಳು ಮರೆತಿಲ್ಲ.

ಇರಲಿ. ಜುಲೈ ಐದಕ್ಕೆ ವಾಪಸು ಟಿಕೆಟ್ ಆಗಿದೆ. ಮೂವತ್ತನಾಲ್ಕು ದಿನ.

ಜೂನ್ ೩, ಬುಧವಾರ

ಕೆಳಗಿನ ಮನೆಯಲ್ಲಿ ಬ್ರೆಡ್ ಮಾಡುವವನೊಬ್ಬನಿದ್ದಾನೆ. ರಾತ್ರಿಯೆಲ್ಲ ಒಲೆಯ ಮುಂದೆ ಬೆಂದು ಹಗಲು ಮಲಗುತ್ತಾನೆ. ನಮ್ಮ ಮಕ್ಕಳು ಓಡಿದರೆ ಕೋಲಿನಿಂದ ತನ್ನ ಸೂರು ಕುಟ್ಟುತ್ತಾನೆ. ನಿದ್ದೆಗೆಟ್ಟವನ ಮೇಲೆ ನಾನು ಕೋಪಿಸಿಕೊಳ್ಳಲಾರೆ. ನಾನೂ ಎಷ್ಟೋ ವರ್ಷ ಡಿಪೋದ ಬೆಂಚಿನ ಮೇಲೆ ಹಗಲು ನಿದ್ದೆ ಮಾಡಿದವಳು. ಹಾಗಾಗಿ ಒಂಬತ್ತಕ್ಕೆ ಮನೆ ಬಿಡುವುದು, ನಾಲ್ಕಕ್ಕೆ ಸೇರುವುದು ಎಂದು ವೇಳಾಪಟ್ಟಿ ಮಾಡಿದೆ.

ಪ್ರಯಾಣಿಕರು ಇಬ್ಬರು. ದೊಡ್ಡದಕ್ಕೆ ಆರು ವರ್ಷ, ಹೆಣ್ಣು. ಯಾವ ಮಾತಿಗೂ ಎದುರು ಮಾತಿದೆ, ಸಾಕ್ಷಿ ಕೇಳುತ್ತದೆ. ವಕೀಲಮ್ಮ ಎಂದು ಹೆಸರಿಟ್ಟೆ. ಚಿಕ್ಕದಕ್ಕೆ ನಾಲ್ಕು ತುಂಬಿಲ್ಲ. ರಸ್ತೆಯಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ನಿಂತುಬಿಡುತ್ತಾನೆ. ಎಳೆದರೆ ಬರುವುದಿಲ್ಲ, ಬೈದರೆ ಕೇಳಿಸುವುದಿಲ್ಲ. ಇವನಿಗೆ ಗೂಟ ಎಂಬುದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಿಲ್ಲ.

ಆರನೇ ನಂಬರಿನ ಟ್ರಾಮ್ ಹತ್ತಿ ಈ ತುದಿಯಿಂದ ಆ ತುದಿಗೆ ಹೋದೆವು. ಕಂಡಕ್ಟರ್ ಇಲ್ಲ. ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಮೂಗು ಮುರಿದೆ, ಸುಳ್ಳೇಕೆ ಹೇಳಲಿ. ಆದರೆ ಮೂರನೇ ನಿಲ್ದಾಣದಲ್ಲಿ ಊರುಗೋಲು ಹಿಡಿದ ಮುದುಕನೊಬ್ಬ ರಸ್ತೆಯ ಆಚೆ ಬದಿಯಿಂದ ಕೈಯೆತ್ತಿದ. ಡ್ರೈವರ್ ಹೆಣ್ಣುಮಗಳು. ಕಂಡಳು, ಕಾದಳು, ಮುದುಕ ಹತ್ತಿ ಕೂತು ಉಸಿರು ಬಿಟ್ಟ ಮೇಲೆಯೇ ಹೊರಟಳು. ಒಬ್ಬರೂ ಗೊಣಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಬಸ್ಸಿನಲ್ಲಿ ಹೀಗಾದದ್ದು ನೆನಪಿಲ್ಲ, ಹೊಟ್ಟೆಕಿಚ್ಚಾಯಿತು.

ಗೂಟ ರಸ್ತೆ ತೊಳೆಯುವ ಗಾಡಿಯ ಮುಂದೆ ಇಪ್ಪತ್ತು ನಿಮಿಷ ನಿಂತ. ಇನ್ನು ಮೂವತ್ತೆರಡು ದಿನ.

ಜೂನ್ ೯, ಮಂಗಳವಾರ

ಮೀನಿನ ಕಟ್ಟೆಗೆ ಹೋಗಿದ್ದೆವು. ಸಮುದ್ರವೆಂದರೆ ನೀರು ಎಂದುಕೊಂಡಿದ್ದೆ. ಅಲ್ಲ, ಅದೊಂದು ದೊಡ್ಡ ಡಿಪೋ. ಒಂದೊಂದು ದೋಣಿಯೂ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ಸರಕು ಇಳಿಸುತ್ತದೆ, ತೊಳೆಸಿಕೊಳ್ಳುತ್ತದೆ, ಹೊರಡುತ್ತದೆ. ಹರಾಜು ಕೂಗುವವನ ಬಾಯಿ ನೋಡಿದೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತಾನೋ ದೇವರಿಗೇ ಗೊತ್ತು. ನಾನು ಹನ್ನೆರಡು ಊರಿನ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಿದ್ದವಳು, ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ವಕೀಲಮ್ಮ ಮೀನು ಮಾರುವವಳನ್ನು ಹಿಡಿದುಕೊಂಡಳು. ಮೀನಿಗೆ ನೀರಿನೊಳಗೆ ಬಾಯಾರಿಕೆ ಆಗುತ್ತದೆಯೇ? ಕಣ್ಣು ಮುಚ್ಚುವುದಿಲ್ಲವಲ್ಲ, ಹಾಗಾದರೆ ಕನಸು ಬೀಳುವುದು ಹೇಗೆ? ವ್ಯಾಪಾರದ ಹೊತ್ತು, ಓಡಿಸಿಬಿಡುತ್ತಾಳೆ ಎಂದುಕೊಂಡೆ. ಅವಳು ಚಾಕು ಕೆಳಗಿಟ್ಟು ಒಂದೊಂದಕ್ಕೂ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಹೋಗುವಾಗ ಇಬ್ಬರ ಕೈಗೂ ಒಂದೊಂದು ಮಂಜುಗಡ್ಡೆ ಇಟ್ಟಳು. ಅದು ಕರಗಿ ನೀರಾಗುವವರೆಗೆ ಗೂಟ ಅಂಗೈ ನೋಡುತ್ತ ನಿಂತ. ನನಗೂ ಅವಸರವಿರಲಿಲ್ಲ, ಪಕ್ಕದ ಕಲ್ಲಿನ ಮೇಲೆ ಕೂತು ದೋಣಿಗಳನ್ನು ನೋಡಿದೆ.

ಬಟ್ಟೆಗೆ ಮೀನಿನ ವಾಸನೆ ಎಂದು ಸೊಸೆ ಮೂರೂ ಜನರ ಬಟ್ಟೆ ನೆನೆಹಾಕಿದಳು. ಇಪ್ಪತ್ತಾರು ದಿನ.

ಜೂನ್ ೧೦, ಬುಧವಾರ

ಮಳೆ. ಮನೆಯಲ್ಲೇ ಇದ್ದೆವು. ಬ್ರೆಡ್ಡಿನವನು ನಾಲ್ಕು ಸಲ ಕುಟ್ಟಿದ.

ಜೂನ್ ೧೫, ಸೋಮವಾರ

ಬಂದರಿನ ಗೋಡೆಯ ಪಕ್ಕದಲ್ಲಿ ಒಂದು ಎತ್ತರದ ದಾರಿಯಿದೆ. ಅಲ್ಲಿಂದ ಕ್ರೇನುಗಳು ಸಾಲಾಗಿ ಕಾಣುತ್ತವೆ. ಎರಡನೆಯದರಲ್ಲಿ ಇವರಮ್ಮ ಕಲಿಯುವುದು. ಅಷ್ಟು ಎತ್ತರದ ಕಬ್ಬಿಣದ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಗಾಜಿನ ಕೋಣೆ, ಅದರೊಳಗೆ ಕೂತು ಕೆಳಗೆ ಬಗ್ಗಿ ನೋಡುತ್ತ ಒಂದು ಮನೆಯಷ್ಟು ದೊಡ್ಡ ಪೆಟ್ಟಿಗೆಯನ್ನು ಹಡಗಿನಿಂದ ಎತ್ತಿ ಲಾರಿಯ ಮೇಲೆ ಇಡಬೇಕು. ನೋಡುತ್ತಿದ್ದ ನಾನೇ ಗೋಡೆ ಹಿಡಿದುಕೊಂಡೆ. ಎರಡು ಮಕ್ಕಳ ತಾಯಿಗೆ ಇದು ಬೇಕಿತ್ತೇ ಎಂದುಕೊಂಡೆ. ನಾನು ಕಂಡಕ್ಟರ್ ಆದಾಗಲೂ ನಮ್ಮ ಮನೆಯವರೆಲ್ಲ ಇದನ್ನೇ ಹೇಳಿದ್ದರು. ಆದರೆ ನನ್ನದು ಬೇರೆ, ನಾನು ನೆಲದ ಮೇಲಿದ್ದೆ.

ವಕೀಲಮ್ಮ ಹೋಗಿ ಬರುವವರಿಗೆಲ್ಲ "ಅದು ನಮ್ಮಮ್ಮ" ಎಂದು ತೋರಿಸಿದಳು. ಒಬ್ಬ ನಂಬಲಿಲ್ಲ. ನನ್ನ ಕಡೆ ತಿರುಗಿ ಹೌದೇ ಎಂದು ಕೇಳಿದ. ಹೌದು, ನನ್ನ ಸೊಸೆ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೋ ಏನೋ, ಆಚೆಯವರೂ ತಿರುಗಿ ನೋಡಿದರು.

ಜೂನ್ ೨೦, ಶನಿವಾರ

ದೀಪಸ್ತಂಭಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ನೂರು ದಾಟಿದ ಮೇಲೆ ನಾನು ಕೂತುಬಿಟ್ಟೆ. ಗೂಟ ಹಿಂದೆ ಬಂದು ಎರಡೂ ಕೈಯಿಂದ ನನ್ನ ಬೆನ್ನು ದಬ್ಬಿದ. ದಬ್ಬಿಸಿಕೊಂಡು ಎದ್ದೆ, ಮರ್ಯಾದೆಯ ಪ್ರಶ್ನೆ.

ಮೇಲೆ ಹೋಗಿ ನೋಡಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಷ್ಟೇ ಉದ್ದಗಲಕ್ಕೆ ಊರು. ನಾವು ನಡೆದ ಬೀದಿಗಳೆಲ್ಲ ಸಿಕ್ಕಿದವು. ಹಗ್ಗ ಹೊಸೆಯುವವರ ಓಣಿ, ಛತ್ರಿ ರಿಪೇರಿಯವನ ಮೂಲೆ, ಮಕ್ಕಳು ಜಾರುವ ಇಳಿಜಾರು, ಟ್ರಾಮಿನ ಹಳಿ. ಆರನೇ ನಂಬರು ಸೇತುವೆ ದಾಟುತ್ತಿತ್ತು, ಒಂದು ನಿಮಿಷ ತಡ. ಈ ಊರಿನಲ್ಲಿ ಎಷ್ಟು ಲಕ್ಷ ಜನವೋ, ಎಲ್ಲರನ್ನೂ ಬೆಳಿಗ್ಗೆ ಎಬ್ಬಿಸಿ, ಹೊರಡಿಸಿ, ಸಂಜೆಗೆ ಮನೆ ಸೇರಿಸುವುದೆಂದರೆ ಹುಡುಗಾಟವಲ್ಲ. ಯಾರೋ ಕೂತು ಯೋಚಿಸಿ ಮಾಡಿದ್ದಾರೆ. ಅವರನ್ನು ಕಂಡು ಒಂದು ಮಾತು ಹೇಳಬೇಕು ಅನ್ನಿಸಿತು.

ಸಂಜೆ ಸೊಸೆಗೆ ಇದನ್ನೆಲ್ಲ ವರ್ಣಿಸಿದೆ. ಮೂರು ವರ್ಷದಿಂದ ಇಲ್ಲಿದ್ದರೂ ಅವಳು ದೀಪಸ್ತಂಭ ಹತ್ತಿಲ್ಲವಂತೆ. ಬಂದರು, ಶಾಲೆ, ಅಂಗಡಿ, ಮನೆ, ಅಷ್ಟೇ. ಭಾನುವಾರ ಬಂದರೆ ರಾಶಿ ಬಟ್ಟೆ, ಕ್ರೇನಿನ ಪುಸ್ತಕ.

ಜೂನ್ ೨೪, ಬುಧವಾರ

ನಾನೊಂದು ಎಡವಟ್ಟು ಮಾಡಿದೆ. ಗೂಟನ ಕೂದಲು ಕಣ್ಣಿಗೆ ಬೀಳುತ್ತಿತ್ತು, ಸೋಮವಾರ ಕತ್ತರಿ ಹಾಕಿದೆ. ಒಂದು ಕಡೆ ಹೆಚ್ಚಾಯಿತು, ಸರಿ ಮಾಡಲು ಹೋಗಿ ಇನ್ನೊಂದು ಕಡೆಯೂ ಹೆಚ್ಚಾಯಿತು. ಅಂದಿನಿಂದ ಸೊಸೆ ಮಾತು ಕಡಿಮೆ ಮಾಡಿದ್ದಾಳೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ. ಕೇಳಿದರೆ ಏನಿಲ್ಲ ಅತ್ತೆ ಅನ್ನುತ್ತಾಳೆ. ಕೂದಲು ಬೆಳೆಯುತ್ತದೆ, ಅಷ್ಟಕ್ಕೆ ಇಷ್ಟು ಗಂಟು ಮುಖವೇ ಎಂದು ನನಗೂ ಸಿಟ್ಟು ಬಂತು. ಬೀಗಿತ್ತಿಯ ಫೋನು ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದಳು. ಮಕ್ಕಳನ್ನು ಕಳಿಸುವ ಮಾತೇ ಇರಬೇಕು. ಇದ್ದರೆ ಇರಲಿ ಎಂದು ಬರೆಯಹೊರಟೆ, ಕೈ ಬರಲಿಲ್ಲ.

ಜೂನ್ ೨೯, ಸೋಮವಾರ

ಸುಮ್ಮನೆ ಕೂರಲಾಗುತ್ತಿಲ್ಲ, ಬರೆಯುತ್ತೇನೆ. ಈಗ ಸಂಜೆ ಐದು ಗಂಟೆ. ಮಕ್ಕಳು ಮಲಗಿದ್ದಾರೆ. ಸೊಸೆ ಬರಲು ಒಂದು ಗಂಟೆಯಿದೆ.

ಫೆರಿಗೆ ಹೋಗಿದ್ದೆವು. ಬಂದರಿನ ಈ ದಡದಿಂದ ಆ ದಡಕ್ಕೆ ಎರಡು ಫೆರಿಗಳು ಎದುರು ಬದುರು ಓಡುತ್ತವೆ, ಹನ್ನೆರಡು ನಿಮಿಷದ ದಾರಿ. ಇಬ್ಬರನ್ನೂ ಒಳಗೆ ಬೆಂಚಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ದೊಡ್ಡ ಬುಟ್ಟಿ ಹೊತ್ತುಕೊಂಡು ಹತ್ತುವ ಹಲಗೆಯ ಹತ್ತಿರ ಏದುಸಿರು ಬಿಡುತ್ತ ನಿಂತಿದ್ದಳು. ನಾನು ಕೆಳಗಿಳಿದೆ. ಬುಟ್ಟಿ ಒಳಗಿಟ್ಟೆ, ಅವಳ ಮೊಳಕೈ ಹಿಡಿದು ಹತ್ತಿಸಿದೆ, ಸರಪಳಿ ಎಳೆದು ಕೊಂಡಿ ಹಾಕಿದೆ. ಆಮೇಲೆ ಫೆರಿಯ ಪಕ್ಕಕ್ಕೆ ಎರಡು ಸಲ ಬಡಿದು "ರೈಟ್" ಎಂದೆ.

ನಾನು ಹೊರಗಿದ್ದೆ.

ಬಸ್ಸಾದರೆ ಅದು ಉರುಳಲು ಶುರುವಾದ ಮೇಲೆ ಫುಟ್‌ಬೋರ್ಡಿಗೆ ಕಾಲಿಡುತ್ತೇವೆ. ಮೂವತ್ತೊಂದು ವರ್ಷ ಹಾಗೆಯೇ ಹತ್ತಿದ್ದು. ಹಗ್ಗ ಹಿಡಿದಿದ್ದವನು ನನ್ನ ದನಿ ಕೇಳಿ, ಎಲ್ಲ ಆಯಿತು ಎಂದು ಬಿಚ್ಚಿಬಿಟ್ಟ. ನಾನು ಕಾಲೆತ್ತುವಾಗ ನಡುವೆ ಒಂದು ಮೊಳ ನೀರಿತ್ತು. ಕಾಲು ಹಿಂದಕ್ಕಿಡುವಾಗ ಒಂದು ಕೋಣೆಯಷ್ಟಿತ್ತು. ವಕೀಲಮ್ಮ ಎದ್ದು ನಿಂತಳು. ಎಲ್ಲಿ ಅಂಚಿಗೆ ಓಡಿ ಬರುತ್ತಾಳೋ ಎಂದು ಜೀವ ಬಾಯಿಗೆ ಬಂತು. ನನಗೆ ತೋಚಿದ್ದು ಒಂದೇ. "ಕೂತ್ಕೊಳ್ಳಿ! ಇಳೀಬೇಡಿ!" ಎಂದು ಕಿರುಚಿದೆ. ಅವಳು ಕೂತಳು. ತಮ್ಮನ ಹೆಗಲ ಮೇಲೆ ಕೈ ಹಾಕಿದಳು. ಅವರ ತಲೆಯ ಎರಡು ಹಳದಿ ಟೋಪಿ ಚಿಕ್ಕವಾಗುತ್ತ ಹೋದವು.

ಮುಂದಿನ ಫೆರಿಗೆ ಇಪ್ಪತ್ತು ನಿಮಿಷ ಕಾದೆ. ಹತ್ತಿದೆ. ಅರ್ಧ ದಾರಿಯಲ್ಲಿ ಎದುರಿನಿಂದ ಅವರ ಫೆರಿ ವಾಪಸು ಬರುತ್ತಿತ್ತು. ಅದೇ ಬೆಂಚಿನ ಮೇಲೆ ಅದೇ ಎರಡು ಹಳದಿ ಟೋಪಿ. ಇಳಿಯಬೇಡಿ ಎಂದಿದ್ದೆನಲ್ಲ, ಇಳಿದಿರಲಿಲ್ಲ. ನಾನು ಆ ಕಡೆ, ಅವರು ಈ ಕಡೆ. ವಕೀಲಮ್ಮ ನನ್ನನ್ನು ನೋಡಿ ಕೈ ಬೀಸಿದಳು. ನಾನು ಅಳುತ್ತಿದ್ದೆ. ನಮ್ಮ ಫೆರಿ ನಡೆಸುವವನಿಗೆ ಅರ್ಥವಾಯಿತು. ಮೂರು ಸಲ ಭೋಂಗು ಹೊಡೆದು, ಆ ಎರಡು ಮಕ್ಕಳನ್ನು ದಡದಲ್ಲೇ ನಿಲ್ಲಿಸಿಕೋ ಎಂದು ಆ ಫೆರಿಯವನಿಗೆ ಕೂಗಿ ಹೇಳಿದ.

ನಾನು ಆ ದಡ ಮುಟ್ಟಿ, ತಿರುಗಿ ಈ ದಡಕ್ಕೆ ಬರುವ ಹೊತ್ತಿಗೆ ಅವರ ಫೆರಿ ಕಟ್ಟಿದ ಹಾಗೆಯೇ ನಿಂತಿತ್ತು. ಗೂಟನನ್ನು ಇಳಿಸಲು ಇಬ್ಬರು ಪ್ರಯತ್ನಿಸಿ ಸೋತಿದ್ದರು. ಇವರನ್ನು ಕರೆದುಕೊಂಡು ಇನ್ನೊಮ್ಮೆ ಹೊರಡಲು ಫೆರಿಯವನು ಒಪ್ಪಿರಲಿಲ್ಲ. ಹನ್ನೊಂದು ನಿಮಿಷ ತಡ. ಹದಿನಾಲ್ಕು ಜನ ಕಾಯುತ್ತಿದ್ದರು, ಒಬ್ಬರೂ ಒಂದು ಮಾತು ಬೈಯಲಿಲ್ಲ. ಕೋಟು ಹಾಕಿದ್ದ ಒಬ್ಬ ದೊಡ್ಡ ಮನುಷ್ಯ ಗೂಟನ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದ. ನನ್ನ ಕೈಗೆ ಬಾಟಲಿ ಕೊಟ್ಟು, ಹುಡುಗ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ, ಬೈಯಬೇಡಿ ಎಂದ. ಇಂಥ ಊರಿನಲ್ಲಿ ನಾನು ಇಂಥ ಕೆಲಸ ಮಾಡಿದೆ.

ವಕೀಲಮ್ಮ ನನ್ನ ಕೈ ಬಿಡದೆ ಮನೆಯವರೆಗೆ ಬಂದಳು. ಒಂದೇ ಮಾತು ಆಡಿದಳು. "ಅಜ್ಜಿ, ನೀನೇ ರೈಟ್ ಅಂದೆ. ನಾನು ಕೇಳಿಸ್ಕೊಂಡೆ."

ಸೊಸೆಗೆ ಹೇಳುವುದೇ, ಬೇಡವೇ? ಶುಕ್ರವಾರ ಪರೀಕ್ಷೆ. ಇದನ್ನು ಕೇಳಿ ಅವಳು ಆ ಗಾಜಿನ ಕೋಣೆಯಲ್ಲಿ ಕೂತರೆ ಕೈ ನೆಟ್ಟಗಿರುತ್ತದೆಯೇ? ಮಕ್ಕಳನ್ನು ನಾಳೆಯೇ ಬೀಗಿತ್ತಿಯ ಹತ್ತಿರ ಕಳಿಸಿಬಿಟ್ಟರೆ? ಶುಕ್ರವಾರದವರೆಗೆ ಬಾಯಿ ಬಿಡುವುದಿಲ್ಲವೆಂದು ತೀರ್ಮಾನಿಸಿದೆ. ಮಕ್ಕಳಿಗೂ ಹಾಗೆಯೇ ಹೇಳಿದೆ, ಅಮ್ಮನಿಗೆ ಹೇಳಬೇಡಿ ಎಂದು. ಕೇಳಿದರೆ ಸುಳ್ಳು ಹೇಳಬೇಕಾ ಎಂದು ವಕೀಲಮ್ಮ ಕೇಳಿದಳು. ಸುಳ್ಳಲ್ಲ, ಸುಮ್ಮನಿರುವುದು ಎಂದೆ. ಬಸ್ಸಿನಲ್ಲಿ ಅರ್ಧ ಟಿಕೆಟ್ ಉಳಿಸಲು ಮಕ್ಕಳ ವಯಸ್ಸು ಕಡಿಮೆ ಹೇಳಿಸುತ್ತಿದ್ದ ತಾಯಂದಿರಿಗೆ ನಾನು ಎಲ್ಲರ ಮುಂದೆ ಮಂಗಳಾರತಿ ಎತ್ತುತ್ತಿದ್ದೆ. ಮಗುವಿನ ಬಾಯಿಗೆ ಸುಳ್ಳು ಇಡುತ್ತೀರಲ್ಲ ಎನ್ನುತ್ತಿದ್ದೆ.

ಜೂನ್ ೩೦, ಮಂಗಳವಾರ

ಹೇಳಿಬಿಟ್ಟೆ. ನಿನ್ನೆ ಊಟದ ಹೊತ್ತಿಗೇ.

ಕಾರಣ ಗೂಟ. ಎಡಗೈಯಿಂದ ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂತ. ತುತ್ತು ಬಂದಾಗ ಕೈ ತೆಗೆಯುವುದು, ಬಾಯಿಗಿಟ್ಟುಕೊಂಡ ಕೂಡಲೇ ಮತ್ತೆ ಮುಚ್ಚುವುದು. ಅವನಿಗೆ ನಾನು ಒಪ್ಪಿಸಿದ ಕೆಲಸ ಅದು, ಮನಸ್ಸಿಟ್ಟು ಮಾಡುತ್ತಿದ್ದ. ಹಲ್ಲು ನೋಯುತ್ತಿದೆಯೇ ಎಂದು ಸೊಸೆ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ ನನ್ನ ಮುಖ ನೋಡಿದ. ನಾನು ಎತ್ತಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಕೈ ತೆಗಿ ಮಗಾ ಎಂದು ಅವನಿಗೆ ಹೇಳಿ, ಅವಳಿಗೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಬುಟ್ಟಿ, ಸರಪಳಿ, ರೈಟ್ ಎಂದದ್ದು, ಮಕ್ಕಳ ಬಾಯಿ ಮುಚ್ಚಿಸಿದ್ದು, ಯಾವುದನ್ನೂ ಬಿಡಲಿಲ್ಲ. ಒಮ್ಮೆ ಶುರುವಾದ ಮೇಲೆ ಹಳೆಯದೂ ಬಂತು. ಮೊದಲ ಮಗು ಹುಟ್ಟಿದಾಗ ರಜೆ ಸಿಗಲಿಲ್ಲ ಎಂದದ್ದು ಸುಳ್ಳು, ನಾನು ರಜೆ ಕೇಳಿಯೇ ಇರಲಿಲ್ಲ ಎಂದೆ. ನನ್ನ ಮಗನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಳೆಸಿದವಳು ನಾನು. ಎಳೆಗೂಸನ್ನು ಮನೆಯಲ್ಲಿ ಕೂತು ನೋಡಿಕೊಳ್ಳುವುದೆಂದರೆ ನನಗೆ ಹೆದರಿಕೆಯಾಗಿತ್ತು, ಹಾಗೆಂದು ಹೇಳಲು ನಾಚಿಕೆಯಾಗಿತ್ತು.

ಅವಳ ಮುಖದಲ್ಲಿ ರಕ್ತವಿರಲಿಲ್ಲ. ಎದ್ದು ಹೋಗಿ ಇಬ್ಬರನ್ನೂ ಎಳೆದು ತಬ್ಬಿಕೊಂಡಳು. ತುಂಬ ಹೊತ್ತು ಬಿಡಲಿಲ್ಲ. ನಾಳೆಯೇ ರೈಲು ಹತ್ತಬೇಕಾಗುತ್ತದೆ ಎಂದುಕೊಂಡು ನಾನು ತಟ್ಟೆ ಎತ್ತಿದೆ.

"ಅತ್ತೆ, ಕೂತ್ಕೊಳ್ಳಿ" ಎಂದಳು. "ನಂದೂ ಒಂದಿದೆ."

ಬಂದರಿನಲ್ಲಿ ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೇಸ್ತ್ರಿ ಒಂದೇ ಪ್ರಶ್ನೆ ಕೇಳುತ್ತಾರಂತೆ, ನಿನ್ನೆ ಏನಾದರೂ ತಾಗಿತಾ ಎಂದು. ಪೆಟ್ಟಿಗೆ ಎಲ್ಲಿಗಾದರೂ ಬಡಿದಿದ್ದರೆ, ಗೀಚಿದ್ದರೆ, ಅಲ್ಲಿ ಹೇಳಬೇಕು. ಹೇಳಿದವರಿಗೆ ಹೆಚ್ಚೇನೂ ಮಾಡುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವರನ್ನು ಮತ್ತೆ ಕ್ರೇನ್ ಹತ್ತಿಸುವುದಿಲ್ಲ. ಹೋದ ಸೋಮವಾರ ಇವಳ ಪೆಟ್ಟಿಗೆ ಹಡಗಿನ ಕಟಾಂಜನಕ್ಕೆ ತಾಗಿ ಒಂದು ಸರಳು ಬಾಗಿತಂತೆ. ಯಾರೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿ ಕೇಳಿದಾಗ ಇವಳು ಇಲ್ಲ ಅಂದುಬಿಟ್ಟಳು. ಪರೀಕ್ಷೆ, ಮನೆ, ಮಕ್ಕಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವಂತೆ. ಅಂದಿನಿಂದ ಅನ್ನ ಸೇರುತ್ತಿಲ್ಲ. ನಾನು ಕೂದಲಿನ ಸಿಟ್ಟು ಎಂದುಕೊಂಡಿದ್ದೆ.

"ಅಲ್ಲಿ ಕೆಳಗೆ ಯಾರಾದ್ರೂ ನಿಂತಿದ್ದಿದ್ರೆ, ಅತ್ತೆ?" ಎಂದಳು. ನೀರು ಒಂದು ಮೊಳವಿದ್ದಾಗ ವಕೀಲಮ್ಮ ಓಡಿ ಬಂದಿದ್ದರೆ ಎಂಬ ಮಾತು ನನ್ನೊಳಗೂ ಮಧ್ಯಾಹ್ನದಿಂದ ಕೂತಿತ್ತು. ಮೇಸ್ತ್ರಿಗೆ ಹೇಳು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇಬ್ಬರೂ ಕೂತು ತಣ್ಣಗಾದ ಊಟ ಮುಗಿಸಿದೆವು.

ಇವತ್ತು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ, ಇವತ್ತು ಎಲ್ಲಿಗೆ ಹೋಗ್ತೀರಿ ಎಂದು ಕೇಳಿದಳು. ನನ್ನ ಕಿವಿ ನಂಬಲಿಲ್ಲ. ನೀರಿಲ್ಲದ ಕಡೆಗೆ ಎಂದೆ. ಪಾರ್ಕಿಗೆ ಹೋದೆವು. ನಾಲ್ಕು ಗಂಟೆಯವರೆಗೆ ನಾನು ಏನು ನೋಡಿದೆನೋ ನೆನಪಿಲ್ಲ. ಅವಳು ಆ ಸಾಲಿನಲ್ಲಿ ನಿಂತು ಬಾಯಿ ಬಿಟ್ಟಳೋ ಇಲ್ಲವೋ ಎಂಬುದೇ ತಲೆಯಲ್ಲಿತ್ತು.

ಆರಕ್ಕೆ ಬಂದಳು. ಹೇಳಿದೆ ಅತ್ತೆ ಎಂದಳು. ನಾಳೆ ತಿಳಿಸುತ್ತಾರಂತೆ.

ಜುಲೈ ೧, ಬುಧವಾರ

ತೆಗೆದುಹಾಕಿಲ್ಲ. ದೇವರು ದೊಡ್ಡವನು, ಆ ಮೇಸ್ತ್ರಿಯೂ ದೊಡ್ಡವನು. ಎಂಟು ದಿನ ತಡವಾದರೂ ನೀನಾಗಿ ಬಂದೆಯಲ್ಲ ಎಂದರಂತೆ. ಒಂದು ವಾರ ಕ್ರೇನ್ ಹತ್ತುವಂತಿಲ್ಲ, ಕೆಳಗೆ ನಿಂತು ಪೆಟ್ಟಿಗೆಗೆ ಕೊಕ್ಕೆ ಹಾಕುವ ಕೆಲಸ. ಮೇಲಿನವರು ಎಡವಿದರೆ ಕೆಳಗಿನವರಿಗೆ ಏನಾಗುತ್ತದೆಂದು ಅಲ್ಲಿಂದ ನೋಡಲಿ ಎಂದು. ಪರೀಕ್ಷೆ ಮುಂದಿನ ತಂಡದ ಜೊತೆ, ಹದಿನೇಳಕ್ಕೆ.

ಸಂಜೆ ಬೀಗಿತ್ತಿಯ ಫೋನು. ಪರೀಕ್ಷೆ ಮುಂದಕ್ಕೆ ಹೋದರೆ ಮಕ್ಕಳ ಗತಿಯೇನು, ಮಂಡಿ ನೋವಿದ್ದರೂ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದರಂತೆ. ಈ ಸಲ ಸೊಸೆ ಬಾಗಿಲು ಹಾಕಿಕೊಳ್ಳಲಿಲ್ಲ. "ಬೇಡಮ್ಮ, ಮಕ್ಕಳು ಅತ್ತೆ ಹತ್ತಿರ ಇರ್ತಾರೆ" ಎಂದಳು. ಅಡುಗೆಮನೆಯಲ್ಲಿದ್ದ ನಾನು ಒಂದೇ ಪಾತ್ರೆಯನ್ನು ಮೂರು ಸಲ ತೊಳೆದೆ.

ಜುಲೈ ೫, ಭಾನುವಾರ

ನನ್ನ ರೈಲು ಬೆಳಿಗ್ಗೆ ಹತ್ತಕ್ಕೆ ಹೊರಟಿತು. ಆ ಹೊತ್ತಿಗೆ ನಾವು ನಾಲ್ವರು ಹಗ್ಗ ಹೊಸೆಯುವವರ ಓಣಿಯಲ್ಲಿದ್ದೆವು.

ಬಟ್ಟೆ ಒಗೆಯುವುದನ್ನು ಬಿಟ್ಟು, ಈ ಊರನ್ನು ನನಗೂ ತೋರಿಸಿ ಎಂದು ಸೊಸೆಯೇ ಕೇಳಿದ್ದಳು. ವಕೀಲಮ್ಮನಿಗೆ ಕೊಂಬು ಬಂತು. ಅಮ್ಮಾ ಇಲ್ಲಿ ನೋಡು, ಅಮ್ಮಾ ಅಲ್ಲಿ ನಿಲ್ಲು. ಮೀನು ಮಾರುವವಳು ನಮ್ಮನ್ನು ದೂರದಿಂದಲೇ ಗುರುತಿಸಿ, ಇವತ್ತು ಎಷ್ಟು ಪ್ರಶ್ನೆ ತಂದಿದ್ದೀ ಎಂದು ಕೇಳಿದಳು. ದೀಪಸ್ತಂಭದ ಅರ್ಧ ದಾರಿಯಲ್ಲಿ ಸೊಸೆಗೂ ದಮ್ಮು ಹತ್ತಿತು, ನನಗೆ ಒಳಗೊಳಗೇ ಖುಷಿಯಾಯಿತು. ಮೇಲೆ ನಿಂತು ಅವಳು ತನ್ನ ಕ್ರೇನನ್ನು ಹುಡುಕಿದಳು. ಇಷ್ಟು ದೂರದಿಂದ ಎಷ್ಟು ಚಂದ ಕಾಣುತ್ತೆ ಎಂದಳು. ನಾನು ದಿನವೂ ನೋಡಿದ್ದೇನೆ, ಹತ್ತಿರದಿಂದಲೂ ಚಂದವೇ ಎಂದೆ.

ಕೊನೆಗೆ ಅವಳೇ ಫೆರಿಯ ಹತ್ತಿರ ಹೋಗೋಣ ಎಂದಳು. ನನ್ನ ಕಾಲು ತಡೆಯಿತು. ಎಲ್ಲಿ ನಿಂತಿದ್ದಿರಿ ಎಂದು ಕೇಳಿದಳು, ತೋರಿಸಿದೆ. ಆ ಜಾಗದಲ್ಲಿ ತಾನೂ ನಿಂತು ನೀರು ನೋಡಿದಳು. ಆಮೇಲೆ ಮಕ್ಕಳ ಕೈ ಹಿಡಿದು ಹಲಗೆ ಹತ್ತಿ, ಮುಂದಿನ ಬೆಂಚಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತಳು. ನಾನು ಹತ್ತಿದೆನೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಜೊತೆ ಇಪ್ಪತ್ತು ವರ್ಷ ಇದ್ದ ಡ್ರೈವರ್ ಹೀಗೆಯೇ, ನಾನಿದ್ದ ದಿನ ಎಲ್ಲರೂ ಹತ್ತಿದರೋ ಎಂದು ಕನ್ನಡಿ ನೋಡುತ್ತಿರಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಕೂತೆ. ಹನ್ನೆರಡು ನಿಮಿಷ ಗಾಳಿ ಚೆನ್ನಾಗಿತ್ತು.

ಜುಲೈ ೧೭, ಶುಕ್ರವಾರ

ಪಾಸು.

ಅದಕ್ಕೂ ಮೊದಲು ನಡೆದದ್ದನ್ನು ಬರೆಯುತ್ತೇನೆ. ಮನೆಯವರು ಗೋಡೆಯ ಹಿಂದಿನಿಂದ ನೋಡಬಹುದಿತ್ತು. ಗಾಳಿಯಿತ್ತು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು ಗುರುತು, ಪೆಟ್ಟಿಗೆಯ ನಾಲ್ಕು ಮೂಲೆಯೂ ಅದರ ಮೇಲೆಯೇ ಕೂರಬೇಕು. ಅವಳು ಎತ್ತಿದಳು, ತಂದಳು, ಪೆಟ್ಟಿಗೆ ಗಾಳಿಗೆ ತೂಗಾಡಿತು. ಬೇರೆ ಯಾರಾದರೂ ಅವಸರ ಮಾಡಿ ಇಳಿಸುತ್ತಿದ್ದರು. ಅವಳು ಕಾದಳು. ಅದು ತಾನಾಗಿ ನಿಲ್ಲುವವರೆಗೆ ಅಲ್ಲಾಡದೆ ಕಾದಳು. ಆಮೇಲೆ ಸದ್ದೇ ಇಲ್ಲದೆ ಕೆಳಗಿಟ್ಟಳು. ಮೇಸ್ತ್ರಿ ಸುತ್ತ ನಡೆದು ನಾಲ್ಕೂ ಮೂಲೆ ನೋಡಿ ಕೈ ಮೇಲೆತ್ತಿದರು. ಇಂಥ ಕೈಗೆಲಸ ನಾನು ಜೀವನದಲ್ಲಿ ನೋಡಿಲ್ಲ. ನನ್ನ ಹುಡುಗಿ ಅವಳು.

ಆದರೆ ಅವಳು ಇಳಿದು ಬರಲೇ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಗಾಬರಿ. ಕೊನೆಗೆ ಏಣಿಯಿಂದ ಇಳಿದು ನೇರ ನಮ್ಮ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ಬಾಯಿ ನಗುತ್ತಿತ್ತು.

"ಮೇಲಿಂದ ಎಲ್ಲ ಕಾಣುತ್ತೆ ಅತ್ತೆ. ಮೀನಿನ ಕಟ್ಟೆ, ಛತ್ರಿ ರಿಪೇರಿಯವನ ಮೂಲೆ, ನಮ್ಮ ಮನೆ ಕಿಟಕಿ. ಇಷ್ಟು ದಿನ ನಾನು ಪೆಟ್ಟಿಗೆ ಮಾತ್ರ ನೋಡ್ತಿದ್ದೆ" ಎಂದಳು.

ಮಕ್ಕಳು ಅವಳ ಎರಡೂ ಕಾಲಿಗೆ ಜೋತುಬಿದ್ದಿದ್ದರು. ಸೋಮವಾರ ಶಾಲೆ ಶುರು, ಇನ್ನು ನನ್ನ ಕೆಲಸ ಮುಗಿಯಿತು, ಟಿಕೆಟ್ ನೋಡಬೇಕು ಎಂದೆ. ಹೇಳಬೇಕಲ್ಲ ಎಂದು ಹೇಳಿದ್ದು ಅಷ್ಟೇ.

"ಇನ್ನೊಂದು ವಾರ ಇದ್ದು ಹೋಗಿ ಅನ್ನಲ್ಲ" ಎಂದಳು ಅವಳು. "ಇರಿ."

ನನಗೆ ಅಳು ಬಂತು. ಎಲ್ಲರ ಮುಂದೆಯೇ ಅತ್ತುಬಿಟ್ಟೆ. ಅಜ್ಜಿ ಇನ್ನೂ ಹೂಂ ಅಂದಿಲ್ಲ ಎಂದು ವಕೀಲಮ್ಮ ಅವಳಮ್ಮನಿಗೆ ದೂರು ಕೊಟ್ಟಳು, ಅದಕ್ಕೆ ಹೂಂ ಎಂದೆ. ಬರುವಾಗ ಆರನೇ ನಂಬರಿನಲ್ಲಿ ಜಾಗವಿರಲಿಲ್ಲ, ನಾಲ್ವರೂ ನಿಂತುಕೊಂಡೇ ಮನೆಗೆ ಬಂದೆವು.